ಎರವಿನ ವಿಷ

ಗದ್ದೆಯ ಬದುವಿನಲ್ಲಿ ಕುಳಿತ ಕಪ್ಪೆಯು ನಮ್ಮ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಅದು ನೆಗೆದ ಮೇಲೆಯೇ. ಮಣ್ಣಿನ ಬಣ್ಣ ತಳೆದು ಅಡಗಿರುವುದೇ ಅದಕ್ಕೆ ರಕ್ಷೆ. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ, ಶಾಂತಸಾಗರದ ಕರಾವಳಿಯ ಮಳೆಕಾಡುಗಳಲ್ಲಿ, ಇದಕ್ಕೆ ತದ್ವಿರುದ್ಧವಾದ ನಡತೆಯ ಕಪ್ಪೆಯೊಂದುಂಟು. ಎರಡಂಗುಲದ ಮೈ, ಅಪ್ಪಟ ಚಿನ್ನದ ಹಳದಿ. ಹಾಡಹಗಲಿನಲ್ಲಿಯೇ ನಿರಾತಂಕವಾಗಿ ನೆಲದ ಮೇಲೆ ಸಂಚರಿಸುತ್ತದೆ. ಮಯರ್ಸ್, ಡೇಲಿ, ಮಾಲ್ಕಿನ್ ಎಂಬ ಮೂವರು 1978ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿ ‘ಫಿಲೊಬೇಟಿಸ್ ಟೆರಿಬಿಲಿಸ್’ ಎಂದು ನಾಮಕರಣ ಮಾಡಿದರು. ಭಯಂಕರವೆಂಬ ಆ ವಿಶೇಷಣವು ಅತಿಶಯೋಕ್ತಿಯಲ್ಲ. ಅಲ್ಲಿಯ ಎಂಬೆರಾ ಜನರು ಊದುಗೊಳವೆಯ ಬಾಣದ ಮೊನೆಯನ್ನು ಜೀವಂತ ಕಪ್ಪೆಯ ಬೆನ್ನಿಗೆ ಉಜ್ಜಿ ಬೇಟೆಗೆ ಒಯ್ಯುತ್ತಿದ್ದರು. ಬೇರೆ ಪಾಕವೇನೂ ಬೇಕಿರಲಿಲ್ಲ. ನಮ್ಮ ನರಗಳಲ್ಲಿ ಸೋಡಿಯಂ ಒಳಬರುವ ಸೂಕ್ಷ್ಮ ದ್ವಾರಗಳಿವೆ. ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳುವುದು ಅವುಗಳ ಧರ್ಮ. ಈ ವಿಷವು ಅವನ್ನು ಮುಚ್ಚಗೊಡದು. ಹೃದಯವು ತಾಳ ತಪ್ಪಿ ನಿಲ್ಲುತ್ತದೆ.

ವಿಷವಿದ್ದ ಮೇಲೆ ಬಣ್ಣವೇಕೆಂದು ವಾಚಕರು ಕೇಳಬಹುದು. ಕಣ್ಣು ಕುಕ್ಕುವ ಬಣ್ಣದ ಕಂಬಳಿಹುಳುಗಳನ್ನು ಕುರಿತು ಡಾರ್ವಿನ್ನನು ಇಂತಹುದೇ ಪ್ರಶ್ನೆಯನ್ನು ವ್ಯಾಲೇಸನಿಗೆ ಹಾಕಿದ್ದನು. 1867ರಲ್ಲಿ ಬಂದ ಉತ್ತರದ ತಾತ್ಪರ್ಯವಿಷ್ಟು: ಹಕ್ಕಿಯು ಕುಕ್ಕಿ ರುಚಿ ನೋಡಿ ಉಗುಳಿದರೂ ಹುಳುವಿನ ಪ್ರಾಣ ಉಳಿಯುವುದಿಲ್ಲ, ಆದುದರಿಂದ ಕುಕ್ಕುವ ಮೊದಲೇ ಅದರ ಗುರುತು ಸಿಗಬೇಕು. ಆದರೆ ಹಳದಿಯೆಲ್ಲ ವಿಷವಲ್ಲ. ಮುಂಗಾರಿನಲ್ಲಿ ವಟಗುಟ್ಟುವ ನಮ್ಮ ದೊಡ್ಡ ಕಪ್ಪೆಗಳಲ್ಲಿಯೂ ಗಂಡು ಹಳದಿಯಾಗುತ್ತದೆ. ಅದು ಮದುವೆಯ ಉಡುಪು, ಅಷ್ಟೇ. ಮಕ್ಕಳನ್ನು ಬೆದರಿಸಬೇಕಾದುದಿಲ್ಲ.

ಈ ವಿಷಕ್ಕೆ ‘ಬ್ಯಾಟ್ರಕೋಟಾಕ್ಸಿನ್’ ಎಂದು ಹೆಸರು. ಗ್ರೀಕಿನಲ್ಲಿ ‘ಬ್ಯಾಟ್ರಖೊಸ್’ ಎಂದರೆ ಮಂಡೂಕ. ಆಗ ಇದು ಮಂಡೂಕವಿಷವಾಯಿತು. ವ್ಯುತ್ಪತ್ತಿ ಸರಿ, ಅರ್ಥ ಮಾತ್ರ ತಪ್ಪು. ಏಕೆಂದರೆ ವಿಷವು ಕಪ್ಪೆಯ ಸ್ವಂತ ಆಸ್ತಿಯಲ್ಲ! ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ, ಸಾಕಿದವರು ಕೊಟ್ಟ ನೊಣಗಳನ್ನು ತಿಂದು ಬೆಳೆದ ಕಪ್ಪೆಗೆ ಅದೇ ಹೊನ್ನಿನ ಮೈಬಣ್ಣ ಬರುತ್ತದೆ, ವಿಷ ಬರುವುದಿಲ್ಲ. ಇದರ ದಾಯಾದಿ ಕಪ್ಪೆಗಳಿಗೆ ಇಂತಹ ಕ್ಷಾರಗಳ ಪುಡಿ ಸವರಿದ ನೊಣಗಳನ್ನು ಉಣಿಸಿದಾಗ ಚರ್ಮದಲ್ಲಿ ಆ ಕ್ಷಾರಗಳೇ ಶೇಖರವಾದುವು. ಕಾಡಿನ ತರಗೆಲೆಯ ಅಡಿಯ ಇರುವೆ, ನುಸಿ, ಜೀರುಂಡೆಗಳೇ ಈ ಕುಲದ ವಿಷದ ಭಂಡಾರ. ಸಾಗರದಾಚೆಯ ನ್ಯೂಗಿನಿಯಲ್ಲಿ ಪಿಟೊಹುಯಿ ಎಂಬ ಕೇಸರಿ-ಕಪ್ಪು ಬಣ್ಣದ ಹಕ್ಕಿಯ ಗರಿಯಲ್ಲಿಯೂ ಇದೇ ಜಾತಿಯ ವಿಷವಿರುವುದು 1992ರಲ್ಲಿ ಪ್ರಕಟವಾಯಿತು. ಅಲ್ಲಿಯ ಒಂದು ಪುಟ್ಟ ಜೀರುಂಡೆಯಲ್ಲಿರುವುದು 2004ರಲ್ಲಿ. ಮಂಡೂಕವೆಂಬ ಹೆಸರು ಇನ್ನೆಲ್ಲಿ ನಿಂತೀತು?

ಈ ಎರವನ್ನು ಮಕ್ಕಳಿಗೆ ಹಂಚುವ ತಾಯಿಯೂ ಉಂಟು. ಕೋಸ್ಟರಿಕದ ಕೆಂಪು ಕಪ್ಪೆಯು ಮರಿಗಳನ್ನು ಒಂದೊಂದಾಗಿ ಬೆನ್ನಮೇಲೆ ಹೊತ್ತು, ಎಲೆಯ ಕಂಕುಳಲ್ಲಿ ನಿಂತ ನೀರಿಗೆ ಬಿಡುತ್ತದೆ. ಆಗಾಗ ಬಂದು, ಮರಿಯಾಗದ ಮೊಟ್ಟೆಯನ್ನಿಟ್ಟು ಉಣಿಸುತ್ತದೆ. ಆ ಮೊಟ್ಟೆಯಲ್ಲಿ ಆಹಾರದೊಡನೆ ವಿಷವೂ ಇರುತ್ತದೆ. ಇನ್ನೂ ಬೇಟೆಯಾಡಲರಿಯದ ಮರಿಗೆ ಅದೇ ಕವಚ. ನಾವು ಬಾಲಗ್ರಹದ ತಾಯತಗಳನ್ನು ಬಹಳ ಕಂಡಿದ್ದೇವೆ. ಇಷ್ಟು ಖಚಿತವಾದುದನ್ನು ಕಂಡಿಲ್ಲ.

ಕಾಡು ಹೋದರೆ ಏನು ಹೋಗುತ್ತದೆಂಬುದನ್ನು ಮೇಲೆ ಹೇಳಿದ ಡೇಲಿಯವರೇ ಕಂಡರು. 1974ರಲ್ಲಿ ಅವರು ಈಕ್ವೆಡಾರಿನ ಒಂದು ಸಣ್ಣ ಕಪ್ಪೆಯ ಚರ್ಮದಿಂದ ತೆಗೆದ ಸಾರವು ನೋವನ್ನು ಅಡಗಿಸುವುದರಲ್ಲಿ ಅಫೀಮಿನ ಮಾರ್ಫಿನ್ನಿಗಿಂತ ಸುಮಾರು 200 ಪಾಲು ಬಲವಾಗಿತ್ತು. ಪದಾರ್ಥವೇನೆಂದು ತಿಳಿಯಲು ಇದ್ದ ಸಾರ ಸಾಲದು. ಸಾಕಿ ಬೆಳೆಸಿದ ಕಪ್ಪೆಗಳಲ್ಲಿ ಅದರ ಸುಳಿವೇ ಇರಲಿಲ್ಲ. 1987ರಲ್ಲಿ ಈ ಕಪ್ಪೆಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡಾಯಿತು. ಹಿಂದೆ ಕಾಡಿನಿಂದ ತಂದವುಗಳ ಅಲ್ಪ ಸಾರವನ್ನೇ ಜೋಪಾನವಾಗಿಟ್ಟುಕೊಂಡು, ಉತ್ತಮ ಉಪಕರಣಗಳು ಬರುವವರೆಗೆ ಕಾದು, 1992ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಎಪಿಬ್ಯಾಟಿಡಿನ್ ಎಂಬ ಆ ಪದಾರ್ಥವು ಔಷಧವಾಗಲಾರದಷ್ಟು ಉಗ್ರ. ಆದರೂ ರಚನೆ ತಿಳಿದೊಡನೆ ರಸಾಯನಜ್ಞರು ಅದನ್ನು ಕಪ್ಪೆಯ ಹಂಗಿಲ್ಲದೆ ತಮ್ಮ ಶಾಲೆಯಲ್ಲಿಯೇ ತಯಾರಿಸಿ, ಸೌಮ್ಯವಾದ ಅದರ ಬಂಧುಗಳನ್ನು ಹುಡುಕತೊಡಗಿದರು.