ಕಾಲೊನಿಯ ಬೆಂಬಲ ಘೋಷಿಸಲು ಕಮಿಟಿ ಯಾರು?

ಚುನಾವಣೆ ಬಂತೆಂದರೆ ಹೈದರಾಬಾದಿನ ಮಲ್ಕಾಜ್‌ಗಿರಿಯ ಫಂಕ್ಷನ್ ಹಾಲ್‌ಗಳಿಗೆ ಮುಹೂರ್ತವಿಲ್ಲದ ದಿನವೂ ಬಿಡುವಿರುವುದಿಲ್ಲ. ‘ಆತ್ಮೀಯ ಸಮ್ಮೇಳನ’ ಎಂಬ ಬ್ಯಾನರ್ ಕಟ್ಟಿ ಕಾಲೊನಿ ಸಂಘಗಳು, ಜಾತಿ ಸಂಘಗಳು, ಯುವಕ ಮಂಡಳಿಗಳು, ಹೊರರಾಜ್ಯದವರ ಸಂಘಗಳು ಸರದಿಯಂತೆ ಅಭ್ಯರ್ಥಿಗಳನ್ನು ಕರೆಸುತ್ತವೆ. ಶಾಲು, ಹಾರ, ಫೋಟೊ ಆದ ಮೇಲೆ ಅಧ್ಯಕ್ಷರು, ಕಾರ್ಯದರ್ಶಿ ಸಹಿ ಹಾಕಿದ ಪತ್ರವೊಂದು ಅಭ್ಯರ್ಥಿಯ ಕೈ ಸೇರುತ್ತದೆ: ನಮ್ಮ ಸಂಘದ ಸಂಪೂರ್ಣ ಬೆಂಬಲ ತಮಗೆ. ಊಟ ಮುಗಿಯುವ ಮೊದಲೇ ಆ ಫೋಟೊ ಕಾಲೊನಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ತಮ್ಮ ಬೆಂಬಲ ಯಾರ ಪಾಲಾಯಿತು ಎಂಬುದು ಸದಸ್ಯರಿಗೆ ಗೊತ್ತಾಗುವುದೇ ಆಗ.

ಈ ಪದ್ಧತಿ ನಿಲ್ಲಬೇಕು. ಸಂಘಕ್ಕೆ ಮತವಿಲ್ಲ, ಮತ ಇರುವುದು ಸದಸ್ಯರಿಗೆ. ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟುವವರಲ್ಲಿ ಕಾಂಗ್ರೆಸ್ಸಿನವರಿದ್ದಾರೆ, ಬಿಜೆಪಿಯವರಿದ್ದಾರೆ, ಬಿಆರ್‌ಎಸ್‌ನವರಿದ್ದಾರೆ, ಯಾವ ಪಕ್ಷದ ಗೊಡವೆಯೂ ಬೇಡವೆನ್ನುವವರೂ ಇದ್ದಾರೆ. ಅವರೆಲ್ಲ ಕಮಿಟಿಯನ್ನು ಆರಿಸಿದ್ದು ವಾಚ್‌ಮನ್ ಸಂಬಳ, ನೀರಿನ ಮೋಟಾರು, ಬೀದಿದೀಪ, ಕಸದ ಗಾಡಿ ನೋಡಿಕೊಳ್ಳುವುದಕ್ಕೆ. ಅಲ್ಲಿಂದಾಚೆಗೆ ತಮ್ಮ ರಾಜಕೀಯ ಅಭಿಪ್ರಾಯವನ್ನು ಬರೆದುಕೊಡುವ ಅಧಿಕಾರವನ್ನು ಅವರು ಯಾರಿಗೂ ಕೊಟ್ಟಿಲ್ಲ. ಕೊಡದ ಅಧಿಕಾರವನ್ನು ಚಲಾಯಿಸುವುದು ನಂಬಿಕೆದ್ರೋಹ.

ಅಷ್ಟಕ್ಕೂ ಈ ಪತ್ರಗಳಿಗೆ ಬೆಲೆ ಇದೆಯೇ? ಕ್ಷೇತ್ರದ ಫಲಿತಾಂಶಗಳನ್ನೇ ನೋಡಿ. 2023ರ ನವೆಂಬರ್ 30ರ ವಿಧಾನಸಭಾ ಚುನಾವಣೆಯಲ್ಲಿ ಮಲ್ಕಾಜ್‌ಗಿರಿ ಲೋಕಸಭಾ ವ್ಯಾಪ್ತಿಯ ಏಳಕ್ಕೆ ಏಳೂ ಸ್ಥಾನಗಳನ್ನು ಬಿಆರ್‌ಎಸ್ ಗೆದ್ದಿತು: ಮೇಡ್ಚಲ್, ಮಲ್ಕಾಜ್‌ಗಿರಿ, ಕುತ್ಬುಲ್ಲಾಪುರ, ಕೂಕಟ್‌ಪಲ್ಲಿ, ಉಪ್ಪಲ್, ಎಲ್.ಬಿ. ನಗರ, ಸಿಕಂದರಾಬಾದ್ ಕಂಟೋನ್ಮೆಂಟ್. ಆರು ತಿಂಗಳೂ ತುಂಬಿರಲಿಲ್ಲ. 2024ರ ಮೇ 13ರಂದು ಅದೇ ಮತದಾರರು ಅದೇ ಪಕ್ಷವನ್ನು ಮೂರನೇ ಸ್ಥಾನಕ್ಕೆ ತಳ್ಳಿ, ಬಿಜೆಪಿಯ ಈಟಲ ರಾಜೇಂದರ್ ಅವರನ್ನು 3,91,475 ಮತಗಳ ಅಂತರದಿಂದ ಗೆಲ್ಲಿಸಿದರು. ಅದಕ್ಕೂ ಹಿಂದೆ, 2019ರಲ್ಲಿ, ಕಾಂಗ್ರೆಸ್ಸಿನ ರೇವಂತ್ ರೆಡ್ಡಿ ಇಲ್ಲಿ ಗೆದ್ದದ್ದು 10,919 ಮತಗಳಿಂದ. ಇಷ್ಟು ಬೇಗ ಮನಸ್ಸು ಬದಲಿಸುವ ಮತದಾರರನ್ನು ಯಾವ ಸಂಘವೂ ಗುತ್ತಿಗೆ ಹಿಡಿಯಲಾರದು. ಆದರೂ ‘ನಮ್ಮ ಕೈಯಲ್ಲಿ ಇಷ್ಟು ಸಾವಿರ ಮತ ಇದೆ’ ಎಂದು ಹೇಳಿಕೊಳ್ಳುವ ಪದಾಧಿಕಾರಿ ಅಭ್ಯರ್ಥಿಗೂ ಸುಳ್ಳು ಹೇಳುತ್ತಾನೆ, ನೆರೆಹೊರೆಯವರಿಗೂ ಅವಮಾನ ಮಾಡುತ್ತಾನೆ.

ಬೆಂಬಲ ಪಡೆದವರಾದರೂ ನಿಂತಲ್ಲೇ ನಿಂತರೇ? ಮಲ್ಕಾಜ್‌ಗಿರಿ ಶಾಸಕರಾಗಿದ್ದ ಮೈನಂಪಲ್ಲಿ ಹನುಮಂತರಾವ್ ಅವರ ಹೆಸರು 2023ರ ಆಗಸ್ಟ್‌ನಲ್ಲಿ ಬಿಆರ್‌ಎಸ್ ಪಟ್ಟಿಯಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಅವರು ಕಾಂಗ್ರೆಸ್ ಸೇರಿ, ಅದೇ ಕ್ಷೇತ್ರದಲ್ಲಿ ಹಳೆಯ ಪಕ್ಷದ ವಿರುದ್ಧವೇ ನಿಂತು ಸೋತರು. ಕಂಟೋನ್ಮೆಂಟ್‌ನಲ್ಲಿ 2023ರಲ್ಲಿ ಬಿಜೆಪಿಯಿಂದ ಸೋತ ಶ್ರೀಗಣೇಶ್, ಮರುವರ್ಷದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2014ರಲ್ಲಿ ಟಿಡಿಪಿಯಿಂದ ಸಂಸದರಾದ ಮಲ್ಲಾರೆಡ್ಡಿ ಎರಡು ವರ್ಷದಲ್ಲೇ ಟಿಆರ್‌ಎಸ್ (ಈಗಿನ ಬಿಆರ್‌ಎಸ್) ಸೇರಿದರು. ಪಕ್ಷ ಬದಲಿಸುವುದು ಅವರವರ ಇಷ್ಟ. ಆದರೆ ಸಂಘದ ಹೆಸರಿನಲ್ಲಿ ಕೊಟ್ಟ ಪತ್ರ ಆಗ ವ್ಯಕ್ತಿಯ ಜೊತೆ ಹೋಗುತ್ತದೋ, ಪಕ್ಷದಲ್ಲೇ ಉಳಿಯುತ್ತದೋ? ಈ ಪ್ರಶ್ನೆಗೆ ಯಾವ ಕಮಿಟಿಯ ಬಳಿಯೂ ಉತ್ತರವಿಲ್ಲ.

ಬೆಂಬಲದ ಬೆನ್ನಿಗೆ ಬರುವ ಕೊಡುಗೆಗಳ ವಿಷಯ ಇನ್ನೂ ಗಂಭೀರ. ಬೋರ್‌ವೆಲ್, ಸಿಸಿಟಿವಿ, ಕಮ್ಯುನಿಟಿ ಹಾಲ್‌ಗೆ ಕುರ್ಚಿ, ಗುಡಿಗೆ ಕಮಾನು. ಮತ ಸೆಳೆಯಲು ಅಭ್ಯರ್ಥಿ ಯಾರಿಗೇ ಆಗಲಿ ಕೊಡುಗೆ ನೀಡುವುದು, ನೀಡುವುದಾಗಿ ಮಾತು ಕೊಡುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟಾಚಾರ. ಸಂಘದ ಹೆಸರಿನಲ್ಲಿ ಪಡೆದರೆ ಅದು ಪುಣ್ಯವಾಗುವುದಿಲ್ಲ. ಗುಡಿಯ ಆವರಣದಲ್ಲಿ ಸಭೆ ನಡೆಸುವವರಿಗೆ 1988ರ ಇನ್ನೊಂದು ಕಾಯ್ದೆ ನೆನಪಿರಲಿ: ಧಾರ್ಮಿಕ ಸಂಸ್ಥೆಯ ಜಾಗವನ್ನು ರಾಜಕೀಯ ಚಟುವಟಿಕೆಗೆ ಬಳಸುವುದು ನಿಷಿದ್ಧ.

ಕನ್ನಡಿಗರಾದ ನಾವೂ ಇದರಿಂದ ಹೊರತಲ್ಲ. 2023ರಲ್ಲಿ ಕರ್ನಾಟಕದ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರೂ ತೆಲಂಗಾಣಕ್ಕೆ ಬಂದು ಪ್ರಚಾರ ಮಾಡಿದರು. ಅದು ಅವರ ಹಕ್ಕು. ಆದರೆ ‘ಕನ್ನಡಿಗರೆಲ್ಲ ಇಂಥವರಿಗೇ ಹಾಕಿ’ ಎಂದು ಅಭ್ಯರ್ಥಿಯೋ ಅವರ ಒಪ್ಪಿಗೆ ಪಡೆದ ಬೇರೊಬ್ಬರೋ ಕೇಳುವಂತಿಲ್ಲ. ಧರ್ಮ, ಜಾತಿಗಳಂತೆ ಭಾಷೆಯ ಹೆಸರಿನಲ್ಲಿ ಮತ ಕೇಳುವುದೂ ಅದೇ 123ನೇ ಸೆಕ್ಷನ್‌ನಲ್ಲಿ ನಿಷಿದ್ಧ. ಮತದಾರರ ಭಾಷೆಯೂ ಈ ನಿಷೇಧದೊಳಗೆ ಬರುತ್ತದೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪು ಕೊಟ್ಟಿದೆ. ರಾಜ್ಯೋತ್ಸವ ಮಾಡಲು, ಮಕ್ಕಳಿಗೆ ಅಕ್ಷರ ಕಲಿಸಲು ಕಟ್ಟಿದ ಸಂಘವನ್ನು ಯಾರದೋ ಪ್ರಚಾರ ಕಚೇರಿ ಮಾಡಬೇಡಿ.

‘ಹೀಗೆ ಮಾಡದಿದ್ದರೆ ಕೆಲಸ ಆಗುವುದಿಲ್ಲ ಸಾರ್’ ಎನ್ನುತ್ತಾರೆ ಪದಾಧಿಕಾರಿಗಳು. ಅವರ ಕಷ್ಟ ಸುಳ್ಳಲ್ಲ. 2020ರ ಸೆಪ್ಟೆಂಬರ್‌ನಲ್ಲಿ ನೇರೆಡ್‌ಮೆಟ್‌ನಲ್ಲಿ ಸೈಕಲ್ ತುಳಿಯುತ್ತ ಹೋದ ಬಾಲಕಿ ತೆರೆದ ನಾಲೆಗೆ ಬಿದ್ದು ಪ್ರಾಣ ಬಿಟ್ಟಳು. ಮುಂದಿನ ತಿಂಗಳ ಮಳೆಗೆ ನಗರದ ಎಷ್ಟೋ ಕಾಲೊನಿಗಳು ಮುಳುಗಿದವು. ನಾಲೆಗೆ ಮುಚ್ಚಳ ಹಾಕಿಸಲು ಯಾರ ಕಾಲು ಹಿಡಿಯಲೂ ಸಿದ್ಧವೆಂಬ ಸಂಕಟ ಅರ್ಥವಾಗುತ್ತದೆ. ಆದರೆ ಚುನಾವಣೆಗೆ ಮೊದಲೇ ಬೆಂಬಲ ಬರೆದುಕೊಟ್ಟ ಸಂಘ ಚುನಾವಣೆಯ ನಂತರ ಯಾವ ಬಾಯಲ್ಲಿ ಕೇಳುತ್ತದೆ? ಗೆದ್ದವರಿಗೆ ಅದು ತಮ್ಮ ಜೇಬಿನಲ್ಲಿರುವ ಸಂಘ. ಬೇರೆಯವರು ಗೆದ್ದರೆ ಅದು ವಿರೋಧಿಗಳ ಸಂಘ. ಎರಡೂ ಕಡೆ ನಷ್ಟ ನಾಲೆಯ ಪಕ್ಕದ ಮನೆಗಳಿಗೆ.

ಹಾಗಾದರೆ ಕೆಲಸ ಆಗುವುದು ಹೇಗೆ? ಕಂಟೋನ್ಮೆಂಟ್‌ನಲ್ಲಿ ಸೇನೆಯವರು ಮುಚ್ಚಿದ ಎಒಸಿ (ಆರ್ಮಿ ಆರ್ಡ್‌ನನ್ಸ್ ಕೋರ್) ರಸ್ತೆಗಳ ವಿಷಯದಲ್ಲಿ ಇಲ್ಲಿನ ಕಾಲೊನಿಗಳೇ ಅದನ್ನು ತೋರಿಸಿವೆ. ಸೈನಿಕಪುರಿ, ಯಾಪ್ರಾಲ್, ಸಫಿಲ್‌ಗುಡ ಕಡೆಯ ನಿವಾಸಿಗಳು ಒಕ್ಕೂಟ ಕಟ್ಟಿಕೊಂಡು ವರ್ಷಗಟ್ಟಲೆ ಅರ್ಜಿ ಬರೆದರು, ಬೀದಿಗಿಳಿದರು, ಅಧಿಕಾರದಲ್ಲಿ ಯಾವ ಪಕ್ಷವಿದ್ದರೂ ಬಾಗಿಲು ತಟ್ಟಿದರು. ದೇಶದ ಬೇರೆ ಕಂಟೋನ್ಮೆಂಟ್‌ಗಳಲ್ಲೂ ಇದೇ ಕೂಗಿತ್ತು. 2018ರ ಮೇನಲ್ಲಿ ರಸ್ತೆಗಳನ್ನು ತೆರೆಯುವಂತೆ ರಕ್ಷಣಾ ಸಚಿವಾಲಯ ಆದೇಶಿಸಿತು. ಎಲ್ಲ ರಸ್ತೆಗಳೂ ತೆರೆಯಲಿಲ್ಲ, ಹೋರಾಟ ಮುಗಿಯಲಿಲ್ಲ. ಆದರೂ ದೆಹಲಿಗೆ ಕೇಳಿಸಿದ್ದು ಯಾರ ಹಂಗೂ ಇಲ್ಲದ ದನಿ.

ಪಕ್ಷವನ್ನು ಬೆಂಬಲಿಸುವ ಕ್ಲಬ್ಬೇ ಇರಬಾರದೆಂದು ಯಾರೂ ಹೇಳುತ್ತಿಲ್ಲ. ಸಂಘಟಿತರಾಗುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಬೆಂಗಳೂರಿನ ಬಿ.ಪ್ಯಾಕ್ 2013ರಲ್ಲಿ ಬೇರೆ ಬೇರೆ ಪಕ್ಷಗಳ ಅಭ್ಯರ್ಥಿಗಳನ್ನು ಬಹಿರಂಗವಾಗಿ ಬೆಂಬಲಿಸಿತು. ಅದರ ಆಯ್ಕೆಯನ್ನು ಟೀಕಿಸಬಹುದು. ಆದರೆ ಅದು ರಾಜಕೀಯಕ್ಕೆಂದೇ ಹುಟ್ಟಿದ ಸಂಸ್ಥೆ, ಸೇರಿದವರಿಗೆ ಅದು ಗೊತ್ತಿತ್ತು. ಮಲ್ಕಾಜ್‌ಗಿರಿಯಲ್ಲೂ ರಾಜಕೀಯ ಮಾಡುವವರು ಧೈರ್ಯವಾಗಿ ಬೇರೆ ವೇದಿಕೆ ಕಟ್ಟಲಿ, ಸ್ವಂತ ಹೆಸರಿನಲ್ಲಿ, ಸ್ವಂತ ದುಡ್ಡಿನಲ್ಲಿ ಪ್ರಚಾರ ಮಾಡಲಿ. ನಮ್ಮೆಲ್ಲರ ಚಂದಾದಲ್ಲಿ ನಡೆಯುವ ಸಂಘವನ್ನು ಬಿಟ್ಟುಬಿಡಲಿ.

ಸಂಘಗಳು ಮಾಡಬೇಕಾದ ಚುನಾವಣಾ ಕೆಲಸ ಬೆಟ್ಟದಷ್ಟಿದೆ. ಸುಮಾರು 37.8 ಲಕ್ಷ ಮತದಾರರಿರುವ ಮಲ್ಕಾಜ್‌ಗಿರಿ 2024ರಲ್ಲಿ ದೇಶದ ಅತಿ ದೊಡ್ಡ ಲೋಕಸಭಾ ಕ್ಷೇತ್ರವಾಗಿತ್ತು. ಅವರಲ್ಲಿ ಮತಗಟ್ಟೆಗೆ ಬಂದವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಪಟ್ಟಿಯಿಂದ ಬಿಟ್ಟುಹೋದ ಹೆಸರು ಸೇರಿಸಿ, ಮುದುಕರನ್ನು ಮತಗಟ್ಟೆಗೆ ಕರೆದೊಯ್ಯಿರಿ. ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆಸಿ, ನಾಲೆ, ಕೆರೆ, ರಸ್ತೆಯ ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು ಪ್ರತಿ ಮನೆಗೂ ಹಂಚಿ.

ಇನ್ನು ಸದಸ್ಯರಿಗೆ ಒಂದು ಮಾತು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಒಂದೇ ನಿರ್ಣಯ ಮಂಡಿಸಿ: ನಮ್ಮ ಸಂಘದ ಹೆಸರು, ಲೆಟರ್‌ಹೆಡ್, ಹಣ, ಜಾಗ ಯಾವುದನ್ನೂ ಯಾವ ಪಕ್ಷದ ಅಭ್ಯರ್ಥಿಗೂ ಬಳಸಕೂಡದು. ಅದನ್ನು ಬೈಲಾಕ್ಕೆ ಸೇರಿಸಿ. ಒಪ್ಪದ ಕಮಿಟಿಯನ್ನು ಬದಲಿಸಿ.