ಅಪ್ಪನ ಟೈರು, ಮಗನ ಟೈರು

ನಮ್ಮ ಬೀದಿಯ ತಿರುವಿನ ಮನೆಯಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ಈಗ ನಿವೃತ್ತಿಯ ಹೊಸ್ತಿಲಲ್ಲಿ ನಿಂತವರು. ಅವರ ಮಗ ಹದಿನೆಂಟು ಕಿಲೋಮೀಟರು ದೂರದ ಎಂಜಿನಿಯರಿಂಗ್ ಕಾಲೇಜಿಗೆ ದಿನವೂ ಬೈಕಿನಲ್ಲಿ ಹೋಗಿ ಬರುತ್ತಾನೆ. ಬೈಕು ಅಪ್ಪನದೇ. ಮಗ ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ಅದರ ಕೀಲಿಕೈ ಅವನ ಜೇಬಿಗೆ ಹೋಯಿತು. ಭಾನುವಾರ ಮಾತ್ರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಸಂತೆಗೆ ಹೋಗಿಬರುವುದು ಅವನಿಗೆ ಕಡ್ಡಾಯ.

ಈ ಸಲ ಮಳೆ ಹಿಡಿದ ಮೊದಲ ವಾರ, ಸಂಜೆ ಮನೆಗೆ ಬರುವಾಗ ಹುಡುಗ ತಿರುವಿನಲ್ಲಿ ಬ್ರೇಕ್ ಒತ್ತಿದ. ಬೈಕಿನ ಹಿಂಭಾಗ ಹಸು ಬಾಲ ಬೀಸಿದ ಹಾಗೆ ಪಕ್ಕಕ್ಕೆ ಬೀಸಿತು. ಬಿದ್ದ. ವೇಗ ಕಡಿಮೆಯಿತ್ತು, ತಲೆಗೆ ಹೆಲ್ಮೆಟ್ ಇತ್ತು; ಮೊಣಕೈ ತರಚಿದ್ದರಲ್ಲೇ ಮುಗಿಯಿತು. ಬೈಕನ್ನು ಎತ್ತಿ ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಹಿಂದಿನ ಟೈರನ್ನು ನೋಡಿದರೆ ನಡುವೆ ಒಂದು ಗೆರೆಯೂ ಇಲ್ಲ, ಉಜ್ಜಿದ ಕಲ್ಲಿನಂತೆ ನುಣ್ಣಗಾಗಿತ್ತು.

ರಾತ್ರಿ ನಮ್ಮ ಗೇಟಿನ ಬಳಿ ಪಂಚಾಯಿತಿ ಸೇರಿತು. ಮೇಷ್ಟ್ರು ಹೇಳಿದರು: "ರೀಟ್ರೆಡ್ ಮಾಡಿಸಿದರಾಯಿತು ಬಿಡ್ರಿ. ಬಸ್ಸು ಲಾರಿಗಳೇ ಅದರಲ್ಲಿ ಓಡೋದಿಲ್ಲವೆ?" ಮಗ ಮುಖ ಸಿಂಡರಿಸಿದ: "ಅಂಕಲ್, ಹಾಕೋದಾದ್ರೆ ದಪ್ಪ ಟೈರು ಹಾಕಬೇಕು. ನನ್ನ ಫ್ರೆಂಡು ಹಾಕಿಸಿದಾನೆ. ಅಗಲ ಜಾಸ್ತಿ ಇದ್ರೆ ಗ್ರಿಪ್ ಜಾಸ್ತಿ." ಅಲ್ಲಿಯವರೆಗೆ ಸುಮ್ಮನಿದ್ದ ಅವನ ತಾಯಿ ಒಂದೇ ಮಾತು ಹೇಳಿದರು: "ಆ ಟೈರಿನ ಮೇಲೆ ಕೂರೋಳು ನಾನು. ನನ್ನನ್ನ ಯಾರೂ ಕೇಳಲಿಲ್ಲ."

ಆ ಮಾತಿನಲ್ಲಿ ಬಹಳ ಅರ್ಥವಿದೆ. ಈ ವಾದ ಅವರೊಬ್ಬರ ಮನೆಯದ್ದಲ್ಲ. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಟೈರು ಬದಲಿಸುವ ದಿನ ಬಂದಾಗ ಅಪ್ಪನಿಗೆ ದುಡ್ಡಿನ ಚಿಂತೆ, ಮಗನಿಗೆ ನೋಟದ ಚಿಂತೆ. ಭಾರ ಹೊರುವ ಟೈರಿನ ಚಿಂತೆ ಯಾರಿಗೂ ಇಲ್ಲ!

ಎರಡು ಚಕ್ರಗಳಲ್ಲಿ ಹಿಂದಿನ ಟೈರೇ ಬೇಗ ಸವೆಯುವುದೇಕೆ? ಎಂಜಿನ್ನಿನ ಬಲವೆಲ್ಲ ಚೈನಿನ ಮೂಲಕ ಅದಕ್ಕೇ ಬರುತ್ತದೆ. ಹಿಂದೆ ಕೂತವರ ಭಾರ, ಪುಸ್ತಕದ ಚೀಲ, ಸಂತೆಯ ಚೀಲ ಎಲ್ಲದರ ಹೆಚ್ಚಿನ ಪಾಲೂ ಅದರ ಮೇಲೆಯೇ. ನೇರ ರಸ್ತೆಯಲ್ಲಿ ಓಡಿ ಓಡಿ ಟೈರಿನ ನಡುಭಾಗ ಚಪ್ಪಟೆಯಾಗುತ್ತದೆ. ದುಂಡಗಿರಬೇಕಾದ್ದು ಹಲಗೆಯಂತಾದರೆ, ತಿರುವಿನಲ್ಲಿ ಬೈಕು ವಾಲುವಾಗ ಆ ಹಲಗೆಯ ಅಂಚನ್ನು ಹತ್ತಿ ಇಳಿದಂತಾಗುತ್ತದೆ. ಸವಾರನಿಗೆ ಬೈಕು ತಟ್ಟನೆ ಬಿದ್ದಂತೆ ಭಾಸವಾಗುತ್ತದೆ.

ಬೇಸಿಗೆಯಲ್ಲಿ ಸರಿಯಾಗಿ ನಿಲ್ಲುತ್ತಿದ್ದ ಬೈಕು ಮಳೆಯಲ್ಲಿ ಜಾರಿದ್ದೇಕೆ ಎಂದು ಹುಡುಗ ಕೇಳಿದ. ಒಣ ರಸ್ತೆಯಲ್ಲಿ ಬೋಳು ಟೈರೂ ಹಿಡಿದು ನಿಲ್ಲುತ್ತದೆ. ಟೈರಿನ ಮೇಲಿನ ಗೆರೆಗಳು ಅಂದಕ್ಕಿರುವಂಥವಲ್ಲ, ಅವು ನೀರು ಹೋಗುವ ಕಾಲುವೆಗಳು. ರಬ್ಬರಿಗೂ ರಸ್ತೆಗೂ ನಡುವೆ ಸಿಕ್ಕಿದ ನೀರು ಆ ಕಾಲುವೆಗಳ ಮೂಲಕ ಹೊರಗೆ ಹೋಗಬೇಕು. ಕಾಲುವೆ ಇಲ್ಲದಿದ್ದರೆ ಟೈರು ನೀರಿನ ಪದರದ ಮೇಲೆಯೇ ಓಡುತ್ತದೆ. ಮೊದಲ ಮಳೆಗೆ ರಸ್ತೆಯ ಎಣ್ಣೆ, ದೂಳು ಎಲ್ಲ ಸೇರಿ ಲೇಹ್ಯವಾಗುವುದರಿಂದ ಬೀಳುವವರು ಆಗಲೇ ಹೆಚ್ಚು.

ಇನ್ನು ಮೇಷ್ಟ್ರ ರೀಟ್ರೆಡ್ ವಿಚಾರ. ಬಸ್ಸು ಲಾರಿಗಳಲ್ಲಿ ಅದು ನಡೆಯುತ್ತದೆ, ಸುಳ್ಳಲ್ಲ. ಆದರೆ ಆ ಟೈರುಗಳ ಒಡಲನ್ನು ಮತ್ತೆ ಮತ್ತೆ ರಬ್ಬರು ಹೊದಿಸಿಕೊಳ್ಳುವಷ್ಟು ಗಟ್ಟಿಯಾಗಿ ಕಟ್ಟಿರುತ್ತಾರೆ. ಮೇಲಾಗಿ ಹಿಂದೆ ಜೋಡಿ ಚಕ್ರಗಳಿರುವುದರಿಂದ ಒಂದು ಕೈಕೊಟ್ಟರೆ ಪಕ್ಕದ್ದು ಹಿಡಿಯುತ್ತದೆ. ಬೈಕಿನ ಟೈರಿನ ಒಡಲು ತೆಳು. ಅದಕ್ಕೆ ಪಕ್ಕದ ಆಸರೆಯೂ ಇಲ್ಲ. ಹೊದಿಸಿದ ರಬ್ಬರು ಓಟದಲ್ಲಿ ಬಿಟ್ಟುಕೊಂಡರೆ ಆಮೇಲೆ ಉಳಿಯುವುದು ದೇವರ ದಯೆ ಮಾತ್ರ. ಬೋಳು ಟೈರಿನ ಮೇಲೆ ಬಿಸಿ ಕತ್ತಿಯಿಂದ ಹೊಸ ಗೆರೆ ಕೊರೆದು ಮಾರುವವರೂ ಇದ್ದಾರೆ. ಅದಂತೂ ಸವೆದ ಬಟ್ಟೆಯನ್ನು ಕತ್ತರಿಸಿ ತೇಪೆ ಎಂದಂತೆ!

ಮಗನ ದಪ್ಪ ಟೈರಿಗೆ ನಾನು ಉತ್ತರ ಹೇಳಲಿಲ್ಲ, ಮೇಷ್ಟ್ರ ಕೈಗೇ ಸೀಮೆಸುಣ್ಣ ಕೊಟ್ಟೆ. ಲೆಕ್ಕ ಸರಳ. ಇಬ್ಬರು ಕೂತಾಗ ಹಿಂದಿನ ಚಕ್ರದ ಮೇಲೆ 140 ಕಿಲೋ ಭಾರ ಬೀಳುತ್ತದೆ ಎಂದುಕೊಳ್ಳಿ. ಟೈರಿನಲ್ಲಿ 28 ಪೌಂಡು ಗಾಳಿ ಇದೆ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿದರೆ 70 ಚದರ ಸೆಂಟಿಮೀಟರು. ಟೈರಿನ ಬಿರುಸೂ ಸ್ವಲ್ಪ ಭಾರ ಹೊರುವುದರಿಂದ ಉತ್ತರ ತುಸು ಆಚೀಚೆ ಆದೀತು. ನೆಲಕ್ಕೆ ತಾಗುವುದು ಅಷ್ಟೇ ಜಾಗ; ಬೆರಳು ಬಿಟ್ಟರೆ ಉಳಿಯುವ ಒಂದು ಅಂಗೈಯಷ್ಟು. ತಾಯಿ ಮಗ ಇಬ್ಬರ ಪ್ರಾಣವೂ ಮುಂದೆ ಒಂದು, ಹಿಂದೆ ಒಂದು ಅಂಗೈಯ ಮೇಲಿದೆ!

ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಭಾರವೂ ಗಾಳಿಯೂ ಅಷ್ಟೇ ಇದ್ದರೆ ಅಗಲದ ಟೈರು ಹಾಕಿದರೂ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಅಷ್ಟೇ. ಜಾಗದ ಆಕಾರ ಬದಲಾಗುತ್ತದೆ: ಉದ್ದ ಕಡಿಮೆ, ಅಗಲ ಹೆಚ್ಚು. ದೊಡ್ಡ ಎಂಜಿನ್ನಿನ ಬೈಕುಗಳಿಗೆ ಅಗಲ ಬೇಕಾಗುವುದಕ್ಕೆ ಬೇರೆ ಕಾರಣಗಳಿವೆ. ಅಲ್ಲಿ ರಿಮ್ಮೂ ಅದಕ್ಕೆ ತಕ್ಕಂತೆ ಅಗಲವಾಗಿರುತ್ತದೆ. ಕಿರಿದಾದ ರಿಮ್ಮಿಗೆ ಅಗಲದ ಟೈರು ತೊಡಿಸಿದರೆ ಅದರ ಬುಡ ಹಿಂಡಿಕೊಂಡು ಆಕಾರವೇ ಕೆಡುತ್ತದೆ. ಚೈನಿಗೋ ಮಡ್‌ಗಾರ್ಡಿಗೋ ಉಜ್ಜಬಹುದು. ತೂಕ ಹೆಚ್ಚಿ ಎಂಜಿನ್ನು ಏದುಸಿರು ಬಿಡುತ್ತದೆ, ಮೈಲೇಜು ಇಳಿಯುತ್ತದೆ. ಅಣ್ಣನ ಚಪ್ಪಲಿ ಮೆಟ್ಟಿ ಓಟದ ಪಂದ್ಯಕ್ಕೆ ನಿಂತ ಹಾಗೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಯಾವುದು ಹಾಕೋದು?" ಎಂದ. ಉತ್ತರ ಅವನ ಬೈಕಿನ ಟೈರಿನ ಮೇಲೆಯೇ ಬರೆದಿತ್ತು. ಟಾರ್ಚ್ ತಂದು ಓದಿಸಿದೆವು.

ಆ ಬೈಕಿನ ಹಿಂದಿನ ಟೈರಿನ ಪಕ್ಕದಲ್ಲಿ 80/100-18 ಎಂದೂ, ಮುಂದೆ 54 ಪಿ ಎಂದೂ ಇತ್ತು. ಇದು ನಮ್ಮ ಅನೇಕ 100 ಸಿಸಿ ಬೈಕುಗಳ ಅಳತೆ. ಮೊದಲನೆಯ 80 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 100 ಎಂದರೆ ಟೈರಿನ ಎತ್ತರ ಅಗಲದ ಶೇಕಡಾ ನೂರು, ಅಂದರೆ ಇದೂ 80 ಮಿಲಿಮೀಟರು. 18 ಎಂದರೆ ರಿಮ್ಮಿನ ವ್ಯಾಸ, ಇದು ಮಾತ್ರ ಅಂಗುಲದಲ್ಲಿ. ಹಳೆಯ ಬೈಕುಗಳಲ್ಲಿ 2.75-18 ಎಂದೋ 3.00-18 ಎಂದೋ ಇರುತ್ತದೆ. ಅಲ್ಲಿ ಅಗಲವೂ ಅಂಗುಲದಲ್ಲೇ. ಕೊನೆಯ 54 ಎಂಬುದು ಭಾರದ ಸಂಕೇತ. ಸರಿಯಾದ ಗಾಳಿ ಇದ್ದಾಗ ಆ ಟೈರು 212 ಕಿಲೋ ಹೊರಬಲ್ಲದು ಎಂದರ್ಥ. ಪಿ ಎಂದರೆ ಗಂಟೆಗೆ 150 ಕಿಲೋಮೀಟರಿನವರೆಗೆ ತಾಳುತ್ತದೆ ಎಂದು. ಅಷ್ಟು ವೇಗವಾಗಿ ಓಡಿಸು ಎಂದಲ್ಲ ಎಂಬುದನ್ನು ಮೇಷ್ಟ್ರು ಮಗನಿಗೆ ಎರಡು ಸಲ ಹೇಳಿದರು.

ಆಮೇಲೆ ಮುಂದಿನ ಟೈರನ್ನು ಓದಿಸಿದೆ. ಅದೂ 80/100-18. ಆದರೆ ಅಲ್ಲಿದ್ದದ್ದು 47 ಪಿ. 47 ಎಂದರೆ 175 ಕಿಲೋ. ಅಳತೆ ಒಂದೇ, ಹೊರುವ ಶಕ್ತಿ ಬೇರೆ. ಅಂಗಡಿಯಲ್ಲಿ ಅಳತೆ ಮಾತ್ರ ಹೇಳಿ ಮುಂದಿನ ಚಕ್ರದ ಟೈರನ್ನು ಹಿಂದಕ್ಕೆ ಹಾಕಿಸಿಕೊಂಡು ಬಂದರೆ ತಾಯಿಯ ಪಾಲಿನ 37 ಕಿಲೋ ಕಳೆದುಹೋಯಿತು! ಹೊಸ ಟೈರಿನ ಸಂಕೇತ ಬೈಕು ತಯಾರಿಸಿದವರು ಹೇಳಿದ್ದಕ್ಕೆ ಸಮವಿರಬೇಕು ಇಲ್ಲವೆ ಹೆಚ್ಚಿರಬೇಕು, ಕಡಿಮೆ ಕೂಡದು. ಹಳೆಯ ಟೈರನ್ನು ಯಾರೋ ತಪ್ಪಾಗಿ ಹಾಕಿದ್ದರೂ ಹಾಕಿರಬಹುದು. ಆದ್ದರಿಂದ ಬೈಕಿನ ಜೊತೆ ಕೊಟ್ಟ ಕೈಪಿಡಿಯನ್ನು ಒಮ್ಮೆ ತೆಗೆದು ನೋಡುವುದು ಲೇಸು.

ಮರುದಿನ ಮೂವರೂ ಟೈರಿನ ಅಂಗಡಿಗೆ ಹೋದೆವು. ಅಂಗಡಿಯವನು ಒಂದು ಟೈರನ್ನು ಒರೆಸಿ ಮುಂದಿಟ್ಟ. ಹುಡುಗ ನಾನು ಹೇಳಿಕೊಟ್ಟಂತೆ ಅದರ ಪಕ್ಕದಲ್ಲಿ ಹುಡುಕಿ ನಾಲ್ಕು ಅಂಕಿಗಳನ್ನು ಓದಿದ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 1424 ಎಂದಿದ್ದರೆ 2024ರ 14ನೆಯ ವಾರ. ಅವನ ಕೈಯಲ್ಲಿದ್ದ ಟೈರಿಗೆ ನಾಲ್ಕು ವರ್ಷ ತುಂಬಿತ್ತು. ರಬ್ಬರು ಕೂತಲ್ಲೇ ಮುಪ್ಪಾಗುವ ವಸ್ತು. ಓಡದಿದ್ದರೂ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಬೇರೆ ಕೊಡಿ ಎಂದೆವು. ಅಂಗಡಿಯವನು ಗೊಣಗದೆ ಹೊಸದನ್ನು ತಂದ. ಕೇಳಿದರೆ ಕೊಡುತ್ತಾರೆ, ಕೇಳುವವರಿಲ್ಲ ಅಷ್ಟೆ.

ಟ್ಯೂಬ್‌ಲೆಸ್ ಹಾಕಿಸೋಣವೆ ಎಂದು ಮೇಷ್ಟ್ರು ಕೇಳಿದರು. ಅವರ ಬೈಕಿನದು ಕಡ್ಡಿಗಳ ಚಕ್ರ. ಸಾಮಾನ್ಯವಾಗಿ ಕಡ್ಡಿ ಕೂರುವ ತೂತುಗಳಿಂದ ಗಾಳಿ ಸೋರುವುದರಿಂದ ಅದಕ್ಕೆ ಟ್ಯೂಬು ಬೇಕೇ ಬೇಕು. ಅಲಾಯ್ ಚಕ್ರವಿದ್ದರೂ ಅದು ಟ್ಯೂಬ್‌ಲೆಸ್‌ಗೆಂದೇ ಮಾಡಿದ್ದೋ ಎಂದು ನೋಡಬೇಕು. ಅಂಥ ಚಕ್ರವಿದ್ದವರಿಗೆ ಟ್ಯೂಬ್‌ಲೆಸ್ ಒಳ್ಳೆಯದೇ. ಮೊಳೆ ಚುಚ್ಚಿದರೂ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ. ಟ್ಯೂಬಿನ ಟೈರು ಹಾಕುವವರು ಟ್ಯೂಬನ್ನೂ ಹೊಸದೇ ಹಾಕಿಸಬೇಕು. ನಾಲ್ಕು ತೇಪೆಯ ಹಳೆಯ ಟ್ಯೂಬು ಹೊಸ ಟೈರಿನೊಳಗೆ ಮಡಿಕೆ ಬಿದ್ದು ಮತ್ತೆ ಪಂಕ್ಚರ್ ಆಗುತ್ತದೆ.

ಗೆರೆಗಳ ವಿನ್ಯಾಸದ ವಿಷಯದಲ್ಲಿ ಹುಡುಗನಿಗೆ ದಪ್ಪ ದಪ್ಪ ಹಲ್ಲಿನ ಟೈರಿನ ಮೇಲೆ ಕಣ್ಣು. ಕೆಸರು, ಗದ್ದೆಯ ದಾರಿಗೆ ಅದು ಸರಿ. ಡಾಂಬರಿನಲ್ಲಿ ಹಲ್ಲುಗಳಷ್ಟೇ ನೆಲ ಮುಟ್ಟುವುದರಿಂದ ಹಿಡಿತವೂ ಕಡಿಮೆ, ಸವೆತವೂ ಬೇಗ. ಕಾಲೇಜಿಗೆ ಡಾಂಬರು ರಸ್ತೆ; ಆದ್ದರಿಂದ ಸಾಮಾನ್ಯ ರಸ್ತೆಯ ಟೈರು.

ಕೂರಿಸುವಾಗ ಎದುರಿಗೇ ನಿಂತು ನೋಡಿದೆವು. ಟೈರಿನ ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇರಬೇಕು. ಚೈನು ನೇರವಾಗಿ ಕೂರಬೇಕು. ಡ್ರಮ್ ಬ್ರೇಕ್ ಇದ್ದರೆ ಬ್ರೇಕಿನ ತಟ್ಟೆಯನ್ನು ಹಿಡಿದಿಡುವ ಸರಳಿನ ನಟ್ಟನ್ನು ಬಿಗಿದು ಪಿನ್ನು ಹಾಕಿದ್ದಾರೆಯೇ ಎಂದು ಕಣ್ಣಾರೆ ನೋಡಿ. ಅದು ಕಳಚಿದರೆ ತಟ್ಟೆಯೇ ಚಕ್ರದ ಜೊತೆ ತಿರುಗಿ ಚಕ್ರ ಕಚ್ಚಿಕೊಂಡುಬಿಡಬಹುದು. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರು ನೂರೈವತ್ತು ಕಿಲೋಮೀಟರು ಮೆಲ್ಲಗೆ ಓಡಿಸಬೇಕು.

ಅಂದ ಹಾಗೆ, ಗಾಳಿ ಟೈರಿನ ಕಥೆಯಲ್ಲೂ ಒಬ್ಬ ಅಪ್ಪ, ಒಬ್ಬ ಮಗ ಇದ್ದಾರೆ. ಬೆಲ್‌ಫಾಸ್ಟ್ ನಗರದಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮೂರು ಚಕ್ರದ ಸೈಕಲ್ಲಿನಲ್ಲಿ ಕುಲುಕಾಡುತ್ತಿದ್ದ ಮಗನಿಗಾಗಿ ಗಾಳಿ ತುಂಬಿದ ರಬ್ಬರು ಕೊಳವೆಯನ್ನು ಚಕ್ರಕ್ಕೆ ಕಟ್ಟಿದ. 1888ರಲ್ಲಿ ಪೇಟೆಂಟ್ ಪಡೆದ. ಅದೇ ಉಪಾಯವನ್ನು ರಾಬರ್ಟ್ ಥಾಮ್ಸನ್ 1845ರಲ್ಲೇ ದಾಖಲಿಸಿದ್ದನೆಂದು ಗೊತ್ತಾಗಿ ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು. ಆದರೂ ಲೋಕಕ್ಕೆ ಈ ಟೈರನ್ನು ಬಳಕೆಗೆ ತಂದುಕೊಟ್ಟದ್ದು ಮಗನ ಸವಾರಿಯ ಬಗ್ಗೆ ಯೋಚಿಸಿದ ಆ ಅಪ್ಪನೇ.

ಉಳಿತಾಯ ಮಾಡಬೇಕೆನ್ನುವ ಮೇಷ್ಟ್ರಿಗೆ ಕೊನೆಗೆ ದಾರಿ ಸಿಕ್ಕಿತು. ಗಾಳಿ ಕಡಿಮೆಯಾದ ಟೈರು ಬಿಸಿಯಾಗಿ ಅಂಚುಗಳಲ್ಲಿ ಬೇಗ ಸವೆಯುತ್ತದೆ, ಪೆಟ್ರೋಲನ್ನೂ ಕುಡಿಯುತ್ತದೆ. ಹಿಂದೆ ಒಬ್ಬರು ಕೂರುವುದಾದರೆ ಗಾಳಿ ಎಷ್ಟು ಹೆಚ್ಚಿರಬೇಕೆಂದು ಕೈಪಿಡಿಯಲ್ಲೇ ಬರೆದಿರುತ್ತದೆ. ಮೇಷ್ಟ್ರು ಗಾಳಿ ಅಳೆಯುವ ಒಂದು ಪುಟ್ಟ ಮಾಪಕ ಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ, ಬೈಕು ಓಡುವ ಮೊದಲು, ಟೈರು ತಣ್ಣಗಿರುವಾಗಲೇ ಅಳತೆ. ಮಗನ ಪಾಲಿಗೆ ಇನ್ನೊಂದು ಕೆಲಸ: ಟೈರಿನ ಪಕ್ಕದಲ್ಲಿ ಪುಟ್ಟ ತ್ರಿಕೋನವೋ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳೋ ಇರುವ ಕಡೆ, ಗೆರೆಯ ತಳದಲ್ಲಿ ಒಂದು ಸಣ್ಣ ದಿಂಡು ಇರುತ್ತದೆ. ಟೈರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದ ದಿನ ಅದರ ಆಯುಸ್ಸು ಮುಗಿಯಿತು. ಅದನ್ನು ತಿಂಗಳಿಗೊಮ್ಮೆ ನೋಡಿ ಅಪ್ಪನಿಗೆ ಹೇಳುವುದು.

ಕಳೆದ ಭಾನುವಾರ ಮಳೆ ಜಿಟಿಜಿಟಿ ಹಿಡಿದಿತ್ತು. ಆ ತಾಯಿ ಸಂತೆಯ ಚೀಲ ಹಿಡಿದು, ಈಗ ಅವರ ತಲೆಯ ಮೇಲೂ ಹೆಲ್ಮೆಟ್, ನನ್ನನ್ನು ಕಂಡು ನಿಂತರು. "ಈ ಸಲ ನನ್ನನ್ನೂ ಲೆಕ್ಕಕ್ಕೆ ತಗೊಂಡಿದ್ದಾರಂತೆ" ಎಂದು ನಕ್ಕು ಬೈಕು ಹತ್ತಿದರು.

ನಿಮ್ಮ ಮನೆಯ ಬೈಕಿನ ಹಿಂದಿನ ಟೈರನ್ನು ಕೊನೆಯ ಸಲ ಓದಿದ್ದು ಯಾವಾಗ? ಇವತ್ತು ಸಂಜೆ ಅಪ್ಪ ಮಗ, ಅಥವಾ ಅಪ್ಪ ಮಗಳು, ಒಟ್ಟಿಗೆ ಕುಕ್ಕರುಗಾಲಲ್ಲಿ ಕುಳಿತು ಓದಿ. ಐದು ನಿಮಿಷ ಸಾಕು.