ಜನಾಂಗವೆಂಬ ಮಾತು

ಕನ್ನಡದಲ್ಲಿ ‘ಜನಾಂಗ’ ಎಂಬ ಶಬ್ದಕ್ಕೆ ನಿಶ್ಚಿತವಾದ ಒಂದೇ ಅರ್ಥವಿಲ್ಲ. ಬಿಳಿಯರು, ಕರಿಯರು ಎಂಬ ಭೇದವನ್ನು ಹೇಳುವಾಗಲೂ ಅದೇ ಶಬ್ದ. ಕುರುಬ ಜನಾಂಗ, ಲಂಬಾಣಿ ಜನಾಂಗ ಎಂದು ಜಾತಿಯನ್ನೋ ಬುಡಕಟ್ಟನ್ನೋ ನಿರ್ದೇಶಿಸುವಾಗಲೂ ಅದೇ. ಮುಂದಿನ ಜನಾಂಗಕ್ಕೆ ನಾವು ಏನನ್ನು ಉಳಿಸಿ ಹೋಗುವೆವೆಂದು ಹಿರಿಯರು ಚಿಂತಿಸುವಾಗ ಅದು ತಲೆಮಾರು ಎಂಬ ಅರ್ಥವನ್ನು ತಾಳುತ್ತದೆ. ನಿಘಂಟುಕಾರರಿಗೆ ಇದು ತೊಡಕಾಗಿ ಕಾಣಬಹುದು. ನನಗಾದರೋ ಈ ಅಸ್ಪಷ್ಟತೆಯಲ್ಲಿಯೇ ಒಂದು ಸತ್ಯವು ಅಡಗಿರುವಂತೆ ತೋರುತ್ತದೆ. ಒಂದು ಜನಾಂಗವು ಇಲ್ಲಿ ಮುಗಿಯಿತು, ಇನ್ನೊಂದು ಇಲ್ಲಿಂದ ಮೊದಲಾಯಿತು ಎಂದು ಪ್ರಕೃತಿಯು ಎಲ್ಲಿಯೂ ಗೆರೆ ಎಳೆದಿಲ್ಲ. ಎಳೆದವರು ಮನುಷ್ಯರು, ಅವರಲ್ಲಿಯೂ ಹೆಚ್ಚಿನವರು ಪ್ರಜೆಗಳನ್ನು ಎಣಿಸಬೇಕಾಗಿದ್ದ ಅಧಿಕಾರಿಗಳು.

ನನ್ನ ಊರಾದ ಲೋಹಾರೆಯಿಂದ ನೈಋತ್ಯಕ್ಕೆ ಸೊಲ್ಲಾಪುರ, ದಕ್ಷಿಣಕ್ಕೆ ಆಳಂದ, ಪೂರ್ವಕ್ಕೆ ಉಮರ್ಗಾ ದಾಟಿದರೆ ಬಸವಕಲ್ಯಾಣ, ಈಶಾನ್ಯಕ್ಕೆ ನಿಲಂಗಾ, ಅದರಾಚೆಗೆ ಉದಗೀರ. ಇಂತಹ ನೆಲದಲ್ಲಿ ಹುಟ್ಟಿದವನಿಗೆ ಜನಾಂಗದ ಪ್ರಶ್ನೆಯು ಪುಸ್ತಕದಿಂದ ಬರುವುದಿಲ್ಲ; ಶಾಲೆಗೆ ಹೆಸರು ಹಚ್ಚುವ ದಿನವೇ ಬರುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅಜ್ಜನ ಕಾಲದ ಜಮೀನಿನ ಕಾಗದಗಳೆಲ್ಲ ಉರ್ದುವಿನಲ್ಲಿ. ಇವುಗಳಲ್ಲಿ ಯಾವುದು ನಾನು ಎಂದು ಕೇಳಿದರೆ ಬಾಲಕನಾದವನು ಏನು ಹೇಳಿಯಾನು?

1901ರ ಜನಗಣತಿಯ ಹೊಣೆಯನ್ನು ಹೊತ್ತಿದ್ದ ಹರ್ಬರ್ಟ್ ರಿಸ್ಲಿಯು ತಲೆಯ ಅಳತೆಯಿಂದಲೂ ಮೂಗಿನ ಅಗಲಕ್ಕೂ ಉದ್ದಕ್ಕೂ ಇರುವ ಪ್ರಮಾಣದಿಂದಲೂ ಮನುಷ್ಯನ ಕುಲವನ್ನು ಕಂಡುಹಿಡಿಯಬಹುದೆಂದು ನಂಬಿ, ಈ ದೇಶದ ಜನರನ್ನು ಏಳು ಮಾದರಿಗಳಾಗಿ ವಿಂಗಡಿಸಿದನು. 1908ರಲ್ಲಿ ಪ್ರಕಟವಾದ ಅವನ ಗ್ರಂಥದ ಪ್ರಕಾರ ಮಹಾರಾಷ್ಟ್ರದ ಬ್ರಾಹ್ಮಣರು, ಕುಣಬಿಗಳು ಮತ್ತು ಎಷ್ಟೋ ದೂರದ ಕೊಡವರು ಒಂದೇ ‘ಸಿಥಿಯ-ದ್ರಾವಿಡ’ ಮಾದರಿಗೆ ಸೇರಿದವರು; ಮದರಾಸು, ಹೈದರಾಬಾದು, ಮಧ್ಯಪ್ರಾಂತಗಳಲ್ಲಿ ಹರಡಿಕೊಂಡಿರುವುದು ‘ದ್ರಾವಿಡ’ ಮಾದರಿ. ಲೋಹಾರೆಯು ಆಗ ನಿಜಾಮರ ಹೈದರಾಬಾದಿನಲ್ಲಿದ್ದಿತು. ಸೊಲ್ಲಾಪುರವು ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದಿತು. ಹಾಗಾದರೆ ನಮ್ಮೂರಿನ ಕುಣಬಿ ರೈತನು ಜಾತಿಯನ್ನು ನೋಡಿದರೆ ಒಂದು ಮಾದರಿಗೂ, ತೆರಿಗೆ ಕೊಡುವ ಸರಕಾರವನ್ನು ನೋಡಿದರೆ ಇನ್ನೊಂದಕ್ಕೂ ಸೇರಬೇಕಾಗುತ್ತದೆ. ಅವನ ಮಗಳನ್ನು ಸೊಲ್ಲಾಪುರದ ಕಡೆಗೆ ಕೊಟ್ಟಿದ್ದರೆ ತಂದೆ ಮಗಳು ಎರಡು ಕುಲದವರಾದರೆಂದೇ ತಿಳಿಯಬೇಕೇನು? ವಿಜ್ಞಾನವೆಂದು ಹೇಳಿಕೊಂಡ ಆ ಗೆರೆಯು ಬಹುಮಟ್ಟಿಗೆ ಪ್ರಾಂತಗಳ ನಕಾಶೆಯ ಮೇಲೆಯೇ ಹರಿದಿದ್ದಿತೆಂಬುದನ್ನು ಗಮನಿಸಬೇಕು.

ಈ ಭ್ರಾಂತಿಯನ್ನು ಭಾರತೀಯರೇ ಅಳತೆಯ ಸಾಧನಗಳನ್ನು ಕೈಗೆತ್ತಿಕೊಂಡು ಮುರಿದರು. ಬರ್ಮಾದಲ್ಲಿ ಹುಟ್ಟಿ ಅಲ್ಲಿಯ ನದಿಯ ಹೆಸರನ್ನೇ ಹೊತ್ತ ಇರಾವತಿ ಕರ್ವೆಯವರು 1930ರ ಸುಮಾರಿಗೆ ಬರ್ಲಿನ್ನಿನಲ್ಲಿ ಯೂಜೆನ್ ಫಿಶರ್ ಎಂಬ ಪ್ರಸಿದ್ಧ ಆಚಾರ್ಯನ ಕೈಕೆಳಗೆ ತಲೆಬುರುಡೆಗಳನ್ನು ಅಳೆದರು. ಬುರುಡೆಯ ಎಡಬಲಗಳ ಅಸಮತೆಗೂ ಜನಾಂಗಕ್ಕೂ ಸಂಬಂಧವುಂಟೆಂಬುದು ಗುರುವಿನ ನಂಬಿಕೆ. ಅಂತಹ ಸಂಬಂಧವಿಲ್ಲವೆಂಬುದು ಶಿಷ್ಯೆಯ ನಿರ್ಣಯ. ಪರದೇಶದಲ್ಲಿ, ಪದವಿಯನ್ನು ಕೊಡುವ ಅಧಿಕಾರವುಳ್ಳ ಗುರುವಿನೆದುರಿಗೆ, ಇಪ್ಪತ್ತೈದರ ಆಸುಪಾಸಿನ ತರುಣಿಯೊಬ್ಬಳು ತೋರಿದ ಈ ಧೈರ್ಯವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುತ್ತದೆ. ಡಾಕ್ಟರ್ ಅಂಬೇಡ್ಕರರೂ ಅಸ್ಪೃಶ್ಯರನ್ನು ಕುರಿತು 1948ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂಗಿನ ಅಳತೆಯ ಅಂಕಿಗಳನ್ನೇ ತೆಗೆದುಕೊಂಡು, ಅಸ್ಪೃಶ್ಯತೆಯು ಭಿನ್ನ ಕುಲದಿಂದ ಹುಟ್ಟಿದುದಲ್ಲವೆಂದು ತೋರಿಸಿದರು.

ಆದುದರಿಂದ ಜನಾಂಗವೆಂಬುದು ಬರಿಯ ಕಲ್ಪನೆ, ಅದನ್ನು ಮರೆತುಬಿಟ್ಟರಾಯಿತು ಎಂದು ಹೇಳುವವರುಂಟು. ಈ ಮಾತನ್ನು ನಾನು ಒಪ್ಪಲಾರೆ. ಮನುಷ್ಯನು ಕಲ್ಪಿಸಿದುದಕ್ಕೆ ಬಲವಿಲ್ಲವೆಂದು ಯಾರು ಹೇಳಿದರು? ಹೊಲದ ಬದುವಿನಲ್ಲಿ ನೆಟ್ಟ ಗಡಿಕಲ್ಲೂ ಮನುಷ್ಯನ ಕಲ್ಪನೆಯೇ. ಅದನ್ನು ಒಂದು ಮೊಳ ಸರಿಸಿದುದಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲನ್ನೇರಿದ್ದಾರೆ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಎಂಬವರು ತಾವು ಬಿಳಿಯರೆಂಬ ಆಧಾರದ ಮೇಲೆ ಆ ದೇಶದ ಪೌರತ್ವವನ್ನು ಬೇಡಿದಾಗ, ಪಂಡಿತರ ವರ್ಗೀಕರಣವು ಏನೇ ಇರಲಿ, ಸಾಮಾನ್ಯ ಜನರು ಯಾರನ್ನು ಬಿಳಿಯರೆಂದು ತಿಳಿಯುವರೋ ಅವರೇ ಬಿಳಿಯರು ಎಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು 1923ರಲ್ಲಿ ತೀರ್ಪಿತ್ತು ಅದನ್ನು ನಿರಾಕರಿಸಿತು. ಜನಾಂಗವು ಲೋಕರೂಢಿಯ ಸೃಷ್ಟಿಯೆಂದು ನ್ಯಾಯಪೀಠವೇ ಒಪ್ಪಿಕೊಂಡಿತು. ಒಪ್ಪಿಕೊಂಡೂ ಆ ರೂಢಿಯ ಹೆಸರಿನಲ್ಲಿಯೇ ಮನುಷ್ಯನೊಬ್ಬನನ್ನು ಹೊರಗಿಟ್ಟಿತು. ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ನಿಜಾಮರ ಬೆಂಬಲಿಗರಾದ ರಜಾಕಾರರ ಹಾವಳಿಯನ್ನೂ, 1948ರ ಸೆಪ್ಟೆಂಬರದಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ತರುವಾಯ ನಡೆದ ಪ್ರತೀಕಾರವನ್ನೂ ಕಂಡ ಜಿಲ್ಲೆಗಳು ನಮ್ಮವು. ನೆಹರೂ ಅವರು ಕಳುಹಿಸಿದ ಸುಂದರಲಾಲ ಸಮಿತಿಯು ಆ ಪ್ರತೀಕಾರದಲ್ಲಿ ಅತ್ಯಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಉಸ್ಮಾನಾಬಾದ, ನೆರೆಯ ಬೀದರಗಳನ್ನು ಹೆಸರಿಸಿತು. ಒಂದೇ ಬಾವಿಯ ನೀರನ್ನು ಕುಡಿದು, ಒಂದೇ ಜೋಳದ ರೊಟ್ಟಿಯನ್ನು ತಿಂದು, ಒಂದೇ ಧಾಟಿಯಲ್ಲಿ ಮಾತನಾಡುತ್ತಿದ್ದವರು ಕೆಲವು ವಾರಗಳ ಮಟ್ಟಿಗೆ ಬೇರೆ ಬೇರೆ ಜನರಾದರು. ಹಿರಿಯರು ಆ ದಿನಗಳ ಮಾತು ಬಂದರೆ ಸುಮ್ಮನಾಗುತ್ತಿದ್ದರು. ಆ ಮೌನವನ್ನು ಕಂಡವನು ‘ಬರಿಯ ಕಲ್ಪನೆ’ ಎಂಬ ಮಾತನ್ನು ಹಗುರವಾಗಿ ಆಡಲಾರನು.

ಹಾಗಿದ್ದರೆ ವ್ಯಕ್ತಿಯ ಸ್ವಂತ ಗುರುತಿನ ಗತಿಯೇನು? ಜನಾಂಗವು ಕೃತಕವಾದರೆ ‘ನಾನು ಕನ್ನಡಿಗ’ ಎಂಬ ನನ್ನ ಅಭಿಮಾನವೂ ಕೃತಕವಲ್ಲವೆ? ಬಹುಕಾಲ ಈ ಪ್ರಶ್ನೆಯು ನನ್ನನ್ನು ಬಾಧಿಸಿದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡವೆಂದು ಕವಿರಾಜಮಾರ್ಗವು ವರ್ಣಿಸಿದೆ. ಆ ಎಲ್ಲೆಯೊಳಗೆ ನಮ್ಮೂರೂ ಬರುತ್ತದೆ. ಇದನ್ನು ಓದಿ ಹಿಗ್ಗಿದವರಲ್ಲಿ ನಾನೂ ಒಬ್ಬನು. ಆದರೆ ಒಂಬತ್ತನೆಯ ಶತಮಾನದ ಆ ಗ್ರಂಥವು ಹೇಳುವುದು ನುಡಿ ಹರಡಿದ ನೆಲವನ್ನು. ಯಾರ ಮೈಯಲ್ಲಿ ಯಾವ ರಕ್ತವೆಂಬುದನ್ನಲ್ಲ. ಪಂಢರಪುರದ ವಿಠಲನು ಕನ್ನಡದವನೆಂದು ಮರಾಠಿಯ ಸಂತರೇ ಪ್ರೀತಿಯಿಂದ ಹೇಳಿಕೊಂಡಿರುವಾಗಲೂ ಅವರು ದೇವರ ವಂಶಾವಳಿಯನ್ನು ಶೋಧಿಸಲಿಲ್ಲ. ಉದಗೀರದ ಕೋಟೆಯನ್ನು 1636ರಲ್ಲಿ ಮೊಗಲರಿಗೆ ಒಪ್ಪಿಸಿದ ಕಿಲ್ಲೇದಾರ ಸಿದ್ದಿ ಮಿಫ್ತಾಹನು ಹಬಶಿ, ಎಂದರೆ ಆಫ್ರಿಕದ ಮೂಲದವನು. ಬೀದರದ ಹೊರಗೆ ಹಬಶಿಕೋಟೆಯೆಂಬ ಗುಡ್ಡದ ಮೇಲೆ ಅಂಥವರ ಗೋರಿಗಳಿವೆ. ಅವರ ಸಂತತಿಯೆಲ್ಲ ಎಲ್ಲಿ ಹೋಯಿತು? ಬಹುಶಃ ಎಲ್ಲಿಯೂ ಹೋಗಲಿಲ್ಲ; ಈ ಕಪ್ಪು ಮಣ್ಣಿನಲ್ಲಿ, ಈ ಜನರಲ್ಲಿಯೇ ಬೆರೆತಿರಬೇಕು. ನಾಲ್ಕು ನೂರು ವರ್ಷಗಳ ಹಿಂದಿನ ತನ್ನ ಅಜ್ಜಿಯಂದಿರ ಹೆಸರನ್ನು ಬಲ್ಲವರು ನಮ್ಮಲ್ಲಿ ಯಾರು?

ಜನಾಂಗಕ್ಕೂ ಸ್ವಂತ ಗುರುತಿಗೂ ಭೇದವು ಇರುವುದು ಇಲ್ಲಿ ಎಂದು ನನಗೆ ತೋರುತ್ತದೆ. ಜನಾಂಗವೆಂಬುದು ಅಳೆಯುವವನು ಅಳತೆಗೊಳಗಾದವನ ಮೇಲೆ ಬರೆಯುವ ಮಾತು. ಅದರಲ್ಲಿ ಬರೆಸಿಕೊಂಡವನ ಕೈ ಇಲ್ಲ. ನುಡಿ, ನಂಟು, ದುಡಿಮೆ, ಭಕ್ತಿ ಇವುಗಳಿಂದ ಮೂಡುವ ಗುರುತೂ ಸಮಾಜದಲ್ಲಿಯೇ ಹುಟ್ಟುವುದು ನಿಜ, ಆದರೆ ಅದನ್ನು ಉಳಿಸುವುದರಲ್ಲಿ, ತಿದ್ದುವುದರಲ್ಲಿ, ಬೇಕಾದರೆ ಇನ್ನೊಂದನ್ನು ಅದರ ಜೊತೆಗೆ ಸೇರಿಸಿಕೊಳ್ಳುವುದರಲ್ಲಿ ನನಗೂ ಪಾಲುಂಟು. ನಾನು ಮರಾಠಿಯನ್ನು ಪ್ರೀತಿಸಿದ ಮಾತ್ರಕ್ಕೆ ನನ್ನ ಕನ್ನಡವು ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ. ರಕ್ತದ ಲೆಕ್ಕದಲ್ಲಿ ಅರ್ಧ, ಕಾಲು ಎಂಬ ಭಾಗಾಕಾರವುಂಟು. ನುಡಿಯ ಲೆಕ್ಕದಲ್ಲಿ ಅದಿಲ್ಲ.

1956ರ ನವೆಂಬರ 1ರಂದು ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ಉಳಿದುದರಲ್ಲಿ ಕೆಲವು ಭಾಗಗಳು ಆಂಧ್ರಪ್ರದೇಶಕ್ಕೂ, ಮಿಕ್ಕವು ಮೈಸೂರಿಗೂ ಹೋದುವು. ನಮ್ಮ ಉಸ್ಮಾನಾಬಾದವೂ ಮುಂಬಯಿಗೆ ಸೇರಿತು. ಅದಕ್ಕೆ ಕೆಲವು ವರ್ಷ ಮೊದಲು ನನ್ನ ಸೋದರತ್ತೆಯನ್ನು ಆಳಂದದ ಕಡೆಗೆ ಕೊಟ್ಟಿದ್ದರು. ಕೊಡುವಾಗ ಅದು ಒಂದೇ ಸಂಸ್ಥಾನದೊಳಗಿನ ಸೋಯರಿಕೆ. ಅವಳಿಗೆ ಎರಡನೆಯ ಮಗುವಾಗುವ ಹೊತ್ತಿಗೆ ಎರಡು ರಾಜ್ಯಗಳ ನಡುವಣ ಸಂಬಂಧವಾಗಿದ್ದಿತು. ಅತ್ತೆಯ ಮಕ್ಕಳು ಕನ್ನಡ ಶಾಲೆಗೆ ಹೋದರು, ನಾವು ಮರಾಠಿ ಶಾಲೆಗೆ ಹೋದೆವು. ಅವರ ಪತ್ರಗಳನ್ನು ನಾವು ಅಪ್ಪನಿಂದ ಓದಿಸಿಕೊಳ್ಳುತ್ತಿದ್ದೆವು. ಮರಾಠಿಯ ಬಾಳಬೋಧ ಅಕ್ಷರದ ನಮ್ಮ ಕಾಗದಗಳನ್ನು ಅವರು ಅತ್ತೆಯ ಮುಂದೆ ಹಿಡಿಯುತ್ತಿದ್ದರಂತೆ, ಅವಳಿಗೋ ಯಾವ ಲಿಪಿಯೂ ಬಾರದು. ನನ್ನ ತಂಗಿಯ ಮದುವೆ ನಿಶ್ಚಯವಾದಾಗ ಅಪ್ಪನು ಲಗ್ನಪತ್ರಿಕೆಯನ್ನು ಒಂದು ಮಗ್ಗುಲಿಗೆ ಮರಾಠಿಯಲ್ಲಿಯೂ ಇನ್ನೊಂದು ಮಗ್ಗುಲಿಗೆ ಕನ್ನಡದಲ್ಲಿಯೂ ಅಚ್ಚು ಹಾಕಿಸಬೇಕೆಂದು ಹಟ ಹಿಡಿದನು. ಊರಿನ ಮುದ್ರಣಾಲಯದಲ್ಲಿ ಕನ್ನಡದ ಮೊಳೆಗಳಿರಲಿಲ್ಲ. ಕಾಗದವನ್ನು ಆಳಂದಕ್ಕೆ ಒಯ್ದು ಹಿಂಬದಿಯನ್ನು ಅಲ್ಲಿ ಅಚ್ಚು ಮಾಡಿಸಿ ತಂದೆವು. ಎರಡೂ ಮಗ್ಗುಲಿನಲ್ಲಿ ಇದ್ದವರು ಅದೇ ಅಜ್ಜ, ಅದೇ ಅಜ್ಜಿ, ಅದೇ ವಧೂವರರು. ಅತ್ತೆಯು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತನ್ನ ಹೆಸರು ಎಲ್ಲೆಲ್ಲಿದೆಯೆಂದು ನನ್ನಿಂದ ಬೆರಳಿಟ್ಟು ತೋರಿಸಿಕೊಂಡಳು.